ನಾಲ್ಕು ಊರಿನ ತವರು

ಕಾರಿನ ಬಾಗಿಲು ತೆರೆಯುವ ಮೊದಲೇ ಕಿಟಕಿಯಿಂದ ಎರಡು ಕೈ ಒಳಗೆ ಬಂದವು. ಮುಂಗೈಗೆಲ್ಲ ಜೋಳದ ಹಿಟ್ಟು, ಹಿಟ್ಟಿನ ಮೇಲೆ ಹಸಿರು ಗಾಜಿನ ಬಳೆ. "ಮೊದ್ಲ ಕೂಸಿನ್ನ ಕೊಡ್ರಿ, ನೀವು ಆಮ್ಯಾಲ ಇಳೀರಂತ." ಬೆಟಗೇರಿಯ ಚಿಗವ್ವ ರೊಟ್ಟಿ ಬಡಿಯುವುದನ್ನು ನಡುವೆ ಬಿಟ್ಟು ಓಡಿ ಬಂದಿದ್ದಳು. ಎಂಟು ತಿಂಗಳ ಮಗಳು ಹಿಂದಿನ ಸೀಟಿಗೆ ಬಿಗಿದ ತನ್ನ ಪುಟ್ಟ ಕುರ್ಚಿಯಲ್ಲಿ ಎಚ್ಚರಾಗಿ ಆ ಬಳೆಗಳನ್ನೇ ನೋಡುತ್ತಿದ್ದಳು. ನಾನು ಪಟ್ಟಿ ಬಿಚ್ಚುವ ತನಕವೂ ಚಿಗವ್ವನಿಗೆ ತಡೆಯಲಾಗಲಿಲ್ಲ. ಮಗುವಿನ ಗಲ್ಲ ಮುಟ್ಟಿ, "ಇಷ್ಟ ದೂರ ಹಿಂಗ ಕಟ್ಟಿ ಹಾಕಿ ಕರಕೊಂಡ ಬಂದೀರೇನವಾ? ಉಡಿಯಾಗ ಹಾಕ್ಕೊಂಡ ಬರಬಾರದಿತ್ತೇನ?" ಎಂದಳು.

ಗಟ್ಟಿಯಾಗಿ ಬ್ರೇಕು ಹಾಕಿದರೆ ಎಂಥ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು ಎಂದು ಪುಣೆಯ ಮಕ್ಕಳ ಡಾಕ್ಟರು ತಿಳಿಸಿ ಹೇಳಿದ್ದರು. ನಾಲ್ಕು ದಿನದ ಆ ತಿರುಗಾಟದಲ್ಲಿ ನಾನು ಯಾರ ಮಾತಿಗೂ ಬಗ್ಗದೆ ಉಳಿಸಿಕೊಂಡದ್ದು ಅದೊಂದನ್ನೇ: ಕಾರು ಓಡುವಾಗ ಮಗು ಕುರ್ಚಿಯಲ್ಲಿ, ಕಾರು ನಿಂತ ಮೇಲೆ ಕೇಳಿದವರ ಉಡಿಯಲ್ಲಿ. ಚಿಗವ್ವ ಕೇಳಿಸಿಕೊಂಡಳು, ಒಪ್ಪಲಿಲ್ಲ. ಅಷ್ಟರಲ್ಲಿ ಮಗು ಅವಳ ಸೊಂಟ ಏರಿತ್ತು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೊಸ್ತಿಲಾಚೆ ನಮ್ಮನ್ನು ನಿಲ್ಲಿಸಿ ರೊಟ್ಟಿಯ ತುಣುಕು, ತಂಬಿಗೆ ನೀರು ನಿವಾಳಿಸಿ ಚೆಲ್ಲಿದರು. ನೆರೆಮನೆಯ ಮುದುಕಿಯೊಬ್ಬಳು ಮಗುವಿನ ಮುಖಕ್ಕೆ ಮುಖ ತಂದು ನೋಡಿ, "ಹಣಿ ನೋಡ್ರಿ, ಥೇಟ ಇವರ ಅಪ್ಪಂದು" ಎಂದಳು. ಚಿಗವ್ವ ಹೌದೆಂದಳು. ನಮ್ಮ ಮಗಳ ಹಣೆ ಆ ರಾತ್ರಿ ಬೆಟಗೇರಿಯ ಪಾಲಾಯಿತು.

ಪುಣೆ ಬಿಟ್ಟಾಗ ಬೆಳಗಿನ ನಾಲ್ಕು. ಗದಗಿಗೆ ಐದುನೂರು ಕಿಲೊಮೀಟರಿನಷ್ಟು ದಾರಿ. ಮಗುವಿಲ್ಲದ ಕಾಲದಲ್ಲಿ ನಾವು ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ಟಿದ್ದುಂಟು. ಈ ಸಲ ಎರಡು ತಾಸಿಗೊಮ್ಮೆ ನಿಲ್ಲುವುದು, ಹಾಲು ಕುಡಿಸುವುದು, ತೇಗಿಸುವುದು, ಬಟ್ಟೆ ಬದಲಿಸುವುದು. ಸಾತಾರಾ ದಾಟಿ ಒಂದು ಹುಣಸೆ ಮರ, ಕೊಲ್ಹಾಪುರದ ಆಚೆ ಕಬ್ಬಿನ ಗಾಣದ ನೆರಳು, ಹೀಗೆ ದಾರಿಯ ಗುರುತುಗಳೇ ಬೇರೆಯಾದವು. ಮುಂದಿನ ಸೀಟಿನಲ್ಲಿ ಅಪ್ಪ. ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರಾಗಿದ್ದವರು, ಈಗ ನಮ್ಮೊಂದಿಗೆ ಪುಣೆಯಲ್ಲಿ. ಕೊಗನೊಳ್ಳಿ ನಾಕೆ ದಾಟುವವರೆಗೂ ಸುಮ್ಮನಿದ್ದವರು ನಿಪ್ಪಾಣಿ ಬರುತ್ತಲೇ ಹಿಂದೆ ತಿರುಗಿ ಮೊಮ್ಮಗಳಿಗೆ ಬೋರ್ಡುಗಳನ್ನು ಓದಿ ಹೇಳತೊಡಗಿದರು. ಖಾನಾವಳಿ. ಪಂಚರ್ ತೆಗೆಯಲಾಗುವುದು. ರಸಗೊಬ್ಬರ ಮತ್ತು ಬೀಜಗಳು. ನಿಧಾನವಾಗಿ ಚಲಿಸಿರಿ. ಒಂದನೆತ್ತೆಯ ಮಕ್ಕಳಿಗೆ ಪಾಠ ಹೇಳುವ ಅದೇ ದನಿ. ತವಂದಿ ಘಟ್ಟದ ತಿರುವುಗಳಲ್ಲಿ ಮಗು ಕುಡಿದ ಹಾಲನ್ನೆಲ್ಲ ಕಾರಿತು. ಒರೆಸಿ, ಅಂಗಿ ಬದಲಿಸಿ, ಅರ್ಧ ತಾಸು ಗಾಳಿಗೆ ಕೂತು ಮತ್ತೆ ಹೊರಟೆವು. ಅಪ್ಪ ಓದು ಮುಂದುವರಿಸಿದರು.

ಹುಬ್ಬಳ್ಳಿ ದಾಟಿದ ಮೇಲೆ ನೆಲ ಕಪ್ಪಾಗುತ್ತದೆ. ಎರೆಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು, ನಡುನಡುವೆ ಕುಸುಬೆಯ ಸಾಲು, ಮೊಣಕಾಲೆತ್ತರದ ಕಡಲೆ. ಅಣ್ಣಿಗೇರಿ ಬರುವಾಗ ಹೊತ್ತು ಮುಳುಗಿತ್ತು. ಅಪ್ಪ ಕಾರು ನಿಲ್ಲಿಸಲು ಹೇಳಿದರು. ಮಗುವನ್ನು ಎತ್ತಿಕೊಂಡು ಊರ ಕಡೆ ಮುಖ ಮಾಡಿ ನಿಂತರು. ಪಂಪನ ತಾಯಿ ಅಬ್ಬಣಬ್ಬೆ ಈ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತೆಲಂಗಾಣದ ಕುರಿಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಹಾಗೆ ಹೇಳುತ್ತದೆ. ಪಂಪ ಬದುಕಿದ್ದು ದೂರದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಆದರೆ 941ರಲ್ಲಿ ಭಾರತವನ್ನು ಬರೆದು ಮುಗಿಸಿದಾಗ ಅವನು ತನ್ನದೆಂದು ಹೇಳಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಪುಲಿಗೆರೆ ಅಂದರೆ ನಾವು ನಾಳೆ ಹೋಗಲಿದ್ದ ಲಕ್ಷ್ಮೇಶ್ವರ. "ಆ ಕನ್ನಡ ಅವಗ ಎಲ್ಲಿಂದ ಬಂತು? ಅವ್ವನ ಬಾಯಿಂದ ಬಂತು" ಎಂದರು ಅಪ್ಪ. ವಿದ್ವಾಂಸರು ಇದಕ್ಕೆ ಏನೆನ್ನುತ್ತಾರೋ, ಆ ಕತ್ತಲಲ್ಲಿ ಮೊಮ್ಮಗಳನ್ನು ಎದೆಗೊತ್ತಿಕೊಂಡು ನಿಂತ ಅಪ್ಪನಿಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ನಮ್ಮ ಅವ್ವ ತೀರಿ ಎರಡು ವರ್ಷ. ಬಾಣಂತನ ಪುಣೆಯಲ್ಲೇ ಆಯಿತು, ಗೊತ್ತುಮಾಡಿಕೊಂಡ ಬಾಯಿಯೊಬ್ಬಳ ಕೈಯಲ್ಲಿ. ಅವಳು ಒಳ್ಳೆಯವಳು, ಆದರೆ ಸಂಜೆ ಆರಕ್ಕೆ ತನ್ನ ಮನೆಗೆ ಹೋಗುವವಳು. ಬೆಟಗೇರಿಯ ಚಿಗವ್ವನಿಗೆ ಮೊಣಕಾಲು, ಲಕ್ಷ್ಮೇಶ್ವರದ ದೊಡ್ಡವ್ವನಿಗೆ ಹೊಲಮನೆ, ಮುಂಡರಗಿಯ ಆಯಿಗೆ ಕಣ್ಣು. ಬಸ್ಸು ಹತ್ತಿ ಪುಣೆಗೆ ಬರುವ ಸ್ಥಿತಿ ಯಾರದೂ ಅಲ್ಲ. ಫೋನಿನ ಪರದೆಯಲ್ಲಿ ಮಗುವನ್ನು ತೋರಿಸಿದರೆ ಆಯಿ ಆ ಕಡೆಯಿಂದ, "ದನಿ ಕೇಳಸ್ರಿ, ಸಾಕು" ಎನ್ನುತ್ತಿದ್ದಳು. ಹೆತ್ತವಳು ಹೋದ ಮೇಲೆ ತವರಿಗೆ ಹೋಗುವುದೆಂದರೆ ಯಾವ ಊರಿಗೆ ಹೋಗುವುದು? ಗದಗಿನ ನಮ್ಮ ಬಾಡಿಗೆಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಎಳ್ಳ ಅಮಾವಾಸ್ಯೆಗೆ ನಾಲ್ಕೂ ಊರು ಮುಟ್ಟಿ ಬರೋಣ ಎಂದವರು ನಮ್ಮ ಮನೆಯವರು.

ಬೆಟಗೇರಿಯಲ್ಲಿ ನನಗೆ ಎಚ್ಚರವಾದದ್ದು ಮಗ್ಗದ ಸದ್ದಿಗೆ. ನೇಕಾರರ ಊರು ಇದು. ಚಿಕ್ಕವಳಿದ್ದಾಗ ಈ ಓಣಿಯಲ್ಲಿ ಕಾಲಿಟ್ಟರೆ ಮನೆಮನೆಯಿಂದ ಲಾಳಿಯ ಸದ್ದು ಬರುತ್ತಿತ್ತು, ಈಗ ಕಿವಿಗೊಟ್ಟು ಎಣಿಸಬಹುದು. ಎದುರು ಮನೆಯ ಕುಣಿಮಗ್ಗದಲ್ಲಿ ಅಜ್ಜನೊಬ್ಬ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತೆ. ಲಾಳಿ ಎಡಕ್ಕೆ ಹೋದರೆ ಅವಳ ಕಣ್ಣು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಅಜ್ಜ ಅದನ್ನು ನೋಡಿ ಕೈ ನಿಧಾನ ಮಾಡಿದ, ಅವಳಿಗೆ ಕಾಣಲಿ ಎಂದು.

ಆಮೇಲೆ ಎರೆಯುವ ಹೊತ್ತು. ಇದನ್ನು ನಾನು ಅವಸರದಲ್ಲಿ ಹೇಳಲಾರೆ. ಬಚ್ಚಲ ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಚಟಚಟ ಉರಿಯುತ್ತಿತ್ತು. ಚಿಗವ್ವ ಸೀರೆ ಮೊಣಕಾಲಿನ ಮೇಲಕ್ಕೆ ಕಟ್ಟಿ, ಗೋಡೆಗೆ ಬೆನ್ನು ಕೊಟ್ಟು, ಆ ನೋಯುವ ಕಾಲುಗಳನ್ನೇ ಉದ್ದಕ್ಕೆ ಚಾಚಿ ಕೂತಳು. ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ಬೆಚ್ಚನೆಯ ಕೊಬ್ಬರಿ ಎಣ್ಣೆ ಬೆನ್ನಿಗೆ, ತೊಡೆಗೆ, ಅಂಗಾಲಿಗೆ. ಬಲಗೈ ಎಡಗಾಲಿಗೆ ಮುಟ್ಟುವ ಹಾಗೆ, ಎಡಗೈ ಬಲಗಾಲಿಗೆ ಮುಟ್ಟುವ ಹಾಗೆ ಮಡಚಿ ಬಿಟ್ಟಳು. ಕಡಲೆ ಹಿಟ್ಟು ಹಚ್ಚಿ ತಿಕ್ಕಿದಳು. ತಂಬಿಗೆಯ ನೀರನ್ನು ಮೊದಲು ತನ್ನ ಮೊಣಕಾಲ ಮೇಲೆ ಸುರಿದು ಕಾವು ನೋಡಿ, ಆಮೇಲೆ ಅಂಗೈಯನ್ನು ಮಗುವಿನ ಹಣೆಗೆ ಚಜ್ಜದಂತೆ ಹಿಡಿದು ನೆತ್ತಿಗೆ ಸುರಿದಳು. ಕಣ್ಣಿಗೆ ಒಂದು ಹನಿ ಇಳಿಯಲಿಲ್ಲ. ಪುಣೆಯ ಸ್ನಾನದ ಮನೆಯಲ್ಲಿ ದಿನಾ ಚೀರುವ ಮಗು ಇಲ್ಲಿ ಕೆಂಪಗಾಗಿ, ಬಾಯಿ ಅರೆತೆರೆದು, ಉಸಿರು ಬಿಡುತ್ತಾ ಸುಮ್ಮನೆ ಬಿದ್ದುಕೊಂಡಿತ್ತು. ಲೋಬಾನದ ಹೊಗೆಯ ಮೇಲೆ ಬಟ್ಟೆ ಹಿಡಿದು ಅದರಲ್ಲಿ ಸುತ್ತಿ, ನನ್ನ ಕೈಗೆ ಕೊಡುವಾಗ ಚಿಗವ್ವ ನನ್ನ ಮುಖ ನೋಡದೆ ಹೇಳಿದಳು: "ಅಕ್ಕ ಇದ್ದಿದ್ರ ದಿನಾ ಎರೀತಿದ್ಲು. ನಂದೊಂದು ದಿನ ಆತು."

ಮಗ್ಗದ ಅಜ್ಜನಿಂದ ತಂದ ಬಿಳಿ ನೂಲಿನ ಲಡಿಯೊಂದನ್ನು ಚಿಗವ್ವ ನಮ್ಮ ಚೀಲಕ್ಕೆ ಹಾಕಿದಳು. ಮುಂಡರಗಿಯ ಆಯಿಗೆ, ಕೌದಿ ಹೊಲಿಯಲು. ಹೀಗೆ ಶುರುವಾದದ್ದು ಗಂಟುಗಳ ಸಾಗಾಟ. ಪ್ರತಿ ಮನೆಯವರೂ ಮುಂದಿನ ಮನೆಗೊಂದು ಗಂಟು ಕೊಟ್ಟರು, ಕಾರಿನ ಡಿಕ್ಕಿಯಲ್ಲಿ ಜಾಗ ಉಳಿಯಲಿಲ್ಲ.

ಗದಗ ದಾಟುವ ಮೊದಲು ಅಪ್ಪ ವೀರನಾರಾಯಣ ಗುಡಿಗೆ ಕರೆದೊಯ್ದರು. ಕೋಳಿವಾಡದಿಂದ ಬಂದ ನಾರಣಪ್ಪ, ನಮ್ಮ ಕುಮಾರವ್ಯಾಸ, ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕಂಬಕ್ಕೊರಗಿ ಕೂತು, ಬಟ್ಟೆ ಆರುವವರೆಗೆ ಭಾರತ ಹೇಳುತ್ತಿದ್ದ ಎಂದು ನಂಬುವ ಊರು ಇದು. ಆ ಕಂಬದ ಬುಡದಲ್ಲಿ ಮಗಳನ್ನು ಇಳಿಸಿದೆವು. ತಣ್ಣನೆಯ ಕಲ್ಲನ್ನು ಎರಡೂ ಅಂಗೈಯಿಂದ ಬಡಿದಳು, ಬಗ್ಗಿ ನೆಕ್ಕಲು ನೋಡಿದಳು, ಮೊಣಕಾಲೂರಿ ಒಂದೆರಡು ಗೇಣು ಮುಂದೆ ಹೋದಳು. ಅದುವರೆಗೆ ಅವಳು ಹಿಂದಕ್ಕೆ ಮಾತ್ರ ತೆವಳುತ್ತಿದ್ದಳು. ಮುಂದಕ್ಕೆ ಅಂಬೆಗಾಲಿಟ್ಟದ್ದು ಆ ಕಲ್ಲಿನ ಮೇಲೆಯೇ ಮೊದಲು. ಅಪ್ಪ ಕಣ್ಣೊರೆಸಿಕೊಂಡರು. ಪುಣ್ಯಾಶ್ರಮಕ್ಕೂ ಹೋಗಬೇಕಿತ್ತು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೇ ಬಾಳಾಗಿ ಕೊಟ್ಟ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ನೆಲೆ ಅದು. ಹೊರಗಿನ ರಸ್ತೆಯಲ್ಲೇ ನಿಂತು ಒಳಗಿಂದ ಬರುತ್ತಿದ್ದ ತಬಲಾದ ಬೋಲುಗಳನ್ನು ಮಗುವಿಗೆ ಕೇಳಿಸಿ ಹೊರಟೆವು, ಹೊಲದಲ್ಲಿ ದೊಡ್ಡವ್ವ ಕಾಯುತ್ತಿದ್ದಳು. 1922ರಲ್ಲಿ ಈ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗಲೇ ಗುರುವನ್ನು ಹುಡುಕಿ ಮನೆ ಬಿಟ್ಟು ಹೊರಟು, ಕಡೆಗೆ ನೆಲೆ ನಿಂತದ್ದು ಪುಣೆಯಲ್ಲಿ. ಅವರು ಹೋದ ದಾರಿಯನ್ನು ನಮ್ಮ ಮಗಳು ಎಂಟು ತಿಂಗಳಿಗೆ ತಿರುವಿ ಬಂದಿದ್ದಳು.

ಮುಳಗುಂದದ ಮೇಲೆ ಲಕ್ಷ್ಮೇಶ್ವರದ ದಾರಿ. ನಯಸೇನ 1112ರಲ್ಲಿ ಧರ್ಮಾಮೃತ ಬರೆದ ಊರು ಮುಳಗುಂದ. ಅಪ್ಪ ಅದನ್ನೂ ಹೇಳಿದರು, ಆದರೆ ಆ ಹೊತ್ತಿಗೆ ಎಲ್ಲರ ಕಣ್ಣು ರಸ್ತೆಯ ಮೇಲಿತ್ತು. ಎತ್ತಿನ ಬಂಡಿ, ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಎಲ್ಲದರಲ್ಲೂ ಬುತ್ತಿ ಬುಟ್ಟಿ. ಎಳ್ಳ ಅಮಾವಾಸ್ಯೆಯ ದಿನ ಊರು ಖಾಲಿ, ಹೊಲ ತುಂಬಿರುತ್ತದೆ. ಇಳಕಲ್ ಸೀರೆಯ ಸೆರಗುಗಳು ಜೋಳದ ಸಾಲಿನ ನಡುವೆ ಕಂಡು ಮರೆಯಾಗುತ್ತಿದ್ದವು.

ದೊಡ್ಡವ್ವನ ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಸುಣ್ಣ ಬಳಿದ ಐದು ಕಲ್ಲು. ಅವೇ ಪಾಂಡವರು. ಪೂಜೆಯಾಗಿ, ದೊಡ್ಡಪ್ಪ ಬುಟ್ಟಿ ಹಿಡಿದು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾ ಹೋದ. ಹಿಂದಿನವರು ಕೂಗುತ್ತಾ ನೀರು ಚಿಮುಕಿಸಿದರು. ಭೂಮಿತಾಯಿ ಈಗ ಬಸುರಿ, ತೆನೆ ಹಾಲುಗಾಳು ಹಿಡಿಯುವ ಹೊತ್ತು, ಅವಳ ಬಯಕೆ ತೀರಿಸುವ ಊಟ ಇದು. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಮಡಿಕೆಕಾಳು, ಗುರೆಳ್ಳು ಚಟ್ನಿ, ಕರಿಂಡಿ, ಎಳ್ಳ ಹೋಳಿಗೆ, ಮಾದಲಿ. ಮಾದಲಿಗೆ ಹಾಲು ಕಲಸಿ ದೊಡ್ಡವ್ವ ಒಂದು ಬೆರಳಲ್ಲಿ ತೆಗೆದು ಮಗುವಿನ ಬಾಯಿ ಹತ್ತಿರ ತಂದಳು.

ನಾನು ಕೈ ಹಿಡಿದೆ. ವರ್ಷ ತುಂಬುವವರೆಗೆ ಬೆಲ್ಲ, ಸಕ್ಕರೆ, ಉಪ್ಪು ಬೇಡ, ಜೇನುತುಪ್ಪ ಅಂತೂ ಕೂಡದೇ ಕೂಡದು ಎಂದು ಡಾಕ್ಟರು ಹೇಳಿದ್ದರು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಸುತ್ತ ಕೂತ ಹೆಂಗಸರೆಲ್ಲ ಸುಮ್ಮನಾದರು. ಹೊಲದ ಹಬ್ಬದ ದಿನ ಮೊದಲ ತುತ್ತು ಬೇಡವೆಂದರೆ ದೊಡ್ಡವ್ವನಿಗೆ ಎಷ್ಟು ನೋವಾಗಬಹುದೆಂದು ನನಗೆ ಗೊತ್ತಿತ್ತು, ಗಂಟಲು ಒಣಗಿತ್ತು. ದೊಡ್ಡವ್ವ ಗಳಿಗೆ ಹೊತ್ತು ಬೆರಳನ್ನು ಹಾಗೇ ಹಿಡಿದಿದ್ದಳು. ಆಮೇಲೆ ಅದನ್ನು ನನ್ನ ಬಾಯಿಗೆ ಇಟ್ಟಳು. "ನೀ ತಿನ್ನವಾ. ನಿನ್ನ ಹಾಲಿನಾಗ ಅದಕ್ಕ ಮುಟ್ಟತೈತಿ." ಐದು ಬೆರಳಲ್ಲಿ ಐದು ಸಲ ಉಣಿಸಿದಳು. ಬಾಣಂತಿಗೆ ಉಣಿಸುವ ಹಾಗೆ.

ಮಗಳಿಗೆ ಉಪ್ಪು ಹಾಕದ ಹೆಸರುಬೇಳೆಯ ಗಂಜಿ ಸಿಕ್ಕಿತು, ಜೊತೆಗೆ ಆಡಲು ಒಂದು ಕಡಲೆಗಿಡ. ಅದನ್ನು ಕೈಯಲ್ಲಿ ಹಿಸುಕಿ ಹುಳಿಯಾದ ಬೆರಳನ್ನು ಬಾಯಿಗಿಟ್ಟು ಮುಖ ಕಿವುಚಿದಳು. ಅಷ್ಟರಲ್ಲಿ "ವ್ವ ವ್ವ" ಎಂದು ತೊದಲಿದಳು. "ದೊಡ್ಡವ್ವ ಅಂದ್ಲ ನೋಡ್ರಿ!" ಎಂದು ದೊಡ್ಡವ್ವ ಹಿಗ್ಗಿದಳು. ಮುಂಜಾನೆ ಇದೇ ತೊದಲಿಗೆ ಚಿಗವ್ವನೂ ಹಿಗ್ಗಿದ್ದಳು, ಅದನ್ನು ನಾವು ಯಾರೂ ಹೇಳಲಿಲ್ಲ. ಕಿವಿ ತಮ್ಮ ಮನೆತನದ್ದೆಂದು ಲಕ್ಷ್ಮೇಶ್ವರದವರು ತೀರ್ಮಾನಿಸಿದರು.

ಸಂಜೆ ಸೋಮೇಶ್ವರ ಗುಡಿಯ ಅಂಗಳದಲ್ಲಿ ಕೂತೆವು. ಕೋಟೆಯಂಥ ಎತ್ತರದ ಗೋಡೆಯೊಳಗೆ ಪಡಸಾಲೆ, ಬಾವಿ, ಪಾರಿವಾಳ. ಕವಿರಾಜಮಾರ್ಗ ಹೆಸರಿಸುವ ಕನ್ನಡದ ತಿರುಳ ನಾಡಿನ ಮೂಲೆಗಳಲ್ಲಿ ಈ ಪುಲಿಗೆರೆಯೂ ಒಂದು. ಆಮೇಲೆ ಈ ಊರು ಎಷ್ಟೋ ಆಳಿಕೆ ಕಂಡಿತು, ಮಿರಜ ಸಂಸ್ಥಾನಕ್ಕೂ ಸೇರಿತ್ತು. ಅಂಗಳದಲ್ಲಿ ದೊಡ್ಡವ್ವ ಮಗುವನ್ನು ಕಾಲ ಮೇಲೆ ತೂಗುತ್ತಾ ಮಾತಾಡುತ್ತಿದ್ದಳು: ಬೆಳದಿಂಗಳ, ಬೆಣ್ಣಿಮುದ್ದಿ, ಬಂಗಾರದ ಗಿಂಡಿ, ನಮ್ಮವ್ವ, ನಿಮ್ಮವ್ವ, ಎಲ್ಲಾರವ್ವ. ನಾನು ಪುಣೆಯಲ್ಲಿ ಮಗಳೊಂದಿಗೆ ಆಡುವ ಕನ್ನಡ ಎಷ್ಟು ಸಣ್ಣದೆಂದು ಆಗ ಗೊತ್ತಾಯಿತು. ಹಾಲು, ನಿದ್ದೆ, ಬಾ, ಬೇಡ, ಬಿಡು. ದೊಡ್ಡವ್ವ ಅರ್ಧ ತಾಸಿನಲ್ಲಿ ಒಂದು ಮಾತನ್ನೂ ಮತ್ತೆ ಆಡಲಿಲ್ಲ. ಅಪ್ಪ ನನ್ನತ್ತ ತಿರುಗಿ ನೋಡಿದರು. ಅಣ್ಣಿಗೇರಿಯಲ್ಲಿ ಹೇಳಿದ್ದನ್ನು ಮತ್ತೆ ಹೇಳುವ ಅಗತ್ಯ ಅವರಿಗಿರಲಿಲ್ಲ.

ಮರುದಿನ ಬೆಳಗ್ಗೆ ಶಿರಹಟ್ಟಿಯ ದಾರಿಯಲ್ಲಿ ಮಾಗಡಿ ಕೆರೆ. 134 ಎಕರೆಯ ಸಾಧಾರಣ ಕೆರೆ ಇದು, ಸುತ್ತ ಹೊಲ. ಆದರೆ ಚಳಿಗಾಲಕ್ಕೆ ಇಲ್ಲಿಗೆ ಬರುವ ಅತಿಥಿಗಳಿಂದಾಗಿ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿನ ಜೌಗುನೆಲಗಳ ನಡುವೆ ಹೆಸರು ಪಡೆಯಿತು. ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್, ಲಡಾಖಿನ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ಹಾರಿ ದಾಟಿ ಇಲ್ಲಿಗೆ ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇದು ಹಗಲು ನೀರಿಗೆ ಮರಳುತ್ತವೆ. ನಾವು ದಂಡೆಯಲ್ಲಿ ನಿಂತಾಗ ತಂಡಗಳು ಮರಳುವ ಹೊತ್ತು. ಮೊದಲು ದೂರದಿಂದ ಆಂಗ್ ಆಂಗ್ ಎಂಬ ಮೂಗಿನ ದನಿ, ಆಮೇಲೆ ಜೋಳದ ತೆನೆಗಳ ಮೇಲಿಂದ ಒಂದು ಗೆರೆ, ಗೆರೆ ಒಡೆದು ಹಕ್ಕಿಗಳು, ಕಾಲು ಮುಂದೆ ಚಾಚಿ ನೀರು ಸೀಳಿ ಇಳಿಯುವುದು. ದೊಡ್ಡ ಹಕ್ಕಿಗಳ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ನಡುವೆ ಕೆಲವು ಪಟ್ಟೆ ಮೂಡದ ಬೂದು ತಲೆಯವು. ಅವು ಈ ವರ್ಷದ ಮರಿಗಳು, ಇನ್ನೂ ವರ್ಷ ತುಂಬಿಲ್ಲ. ಹೆಬ್ಬಾತಿನ ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯ ಜೊತೆಯಲ್ಲೇ ಕಳೆಯುತ್ತವೆ. ದಾರಿಯನ್ನು ಅವು ಹಾರಿಯೇ ಕಲಿಯಬೇಕು. ಮಗಳು ನನ್ನ ಭುಜದ ಮೇಲಿಂದ ಆ ಸದ್ದಿನ ಕಡೆ ಕೈ ಚಾಚಿ ಅದೇ ಮೂಗಿನ ದನಿಯಲ್ಲಿ ಕೂಗಿದಳು. ಅಂಥ ದೂರದ ಮುಂದೆ ತವಂದಿ ಘಟ್ಟದಲ್ಲಿ ಹಾಲು ಕಾರಿದ ನಮ್ಮ ಪ್ರಯಾಣ ಎಷ್ಟರದು? ಆದರೂ ಆ ಮುಂಜಾನೆ ಆ ಹಕ್ಕಿಗಳನ್ನು ಕಂಡು ನಮ್ಮವರೇ ಎನಿಸಿತು.

ಶಿರಹಟ್ಟಿಯಲ್ಲಿ ಬಂಧುಗಳಿಲ್ಲ, ಗೆಳತಿಯಿದ್ದಾಳೆ. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು, ಒಂದೇ ಬುತ್ತಿ ಡಬ್ಬಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಫಕೀರೇಶ್ವರ ಮಠದ ಊರು ಅದು. ಗೆಳತಿಯ ಅಮ್ಮಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ ದುವಾ ಓದಿ, ನೆತ್ತಿಯ ಮೇಲೆ ಮೂರು ಸಲ ಮೆಲ್ಲಗೆ ಊದಿದರು. ಮಗಳ ಕೂದಲೆಳೆಗಳು ಅಲುಗಿದವು, ಅವಳು ನಕ್ಕಳು. ಸೊಂಟಕ್ಕೆ ಕರಿದಾರ ಅಮ್ಮಿಯೇ ಕಟ್ಟಿದರು. "ನಿಮ್ಮವ್ವ ನನ್ನ ಕೈಯಾಗಿನ ಚಹಾ ಕುಡೀದನ ಮಠದ ಜಾತ್ರಿಂದ ಒಮ್ಮೆನೂ ಹೊಳ್ಳಿ ಹೋಗಿಲ್ಲ, ನೆನಪೈತಿಲ್ಲೋ?" ಎಂದರು. ನೆನಪಿತ್ತು. ಹೊರಡುವಾಗ ನನ್ನ ಉಡಿಗೆ ಖರ್ಜೂರ, ಅಕ್ಕಿ, ಒಂದು ಖಣ. ನಮ್ಮ ಮನೆಗಳ ರೀತಿ ಅವರಿಗೆ ಗೊತ್ತು. ಖಣ ಅವ್ವನಿಗೆ ಇಷ್ಟವಾದ ಮೆಂತ್ಯದ ಬಣ್ಣದ್ದು.

ಅಲ್ಲಿಂದ ಮುಂಡರಗಿಯ ದಾರಿಯಲ್ಲಿ ಮಗಳು ಅಳಲು ಹಿಡಿದಳು. ಕಪ್ಪತಗುಡ್ಡದ ಸಾಲು ಪಕ್ಕಕ್ಕೇ ಬರುತ್ತಿತ್ತು, ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಔಷಧಿ ಸಸ್ಯಗಳ ಈ ಗುಡ್ಡವನ್ನು ಉಳಿಸಿಕೊಳ್ಳಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜನರೊಂದಿಗೆ ಬೀದಿಗಿಳಿದಿದ್ದರು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ನೋಡುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಹಾಲು ಬೇಡ, ಗಿಲಕಿ ಬೇಡ, ಅಪ್ಪನ ಬೋರ್ಡು ಓದೂ ಬೇಡ. ಮುಖ ಕಪ್ಪಿಡುವಂತೆ ಅಳು. ಬೇವಿನ ಮರವೊಂದರ ಕೆಳಗೆ ನಿಲ್ಲಿಸಿದೆವು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳೊಬ್ಬಳು, ನಡುವಿಗೆ ಕಟ್ಟಿದ ಉಡಿಯಲ್ಲಿ ಹತ್ತಿ ತುಂಬಿಕೊಂಡು, ಅಳು ಕೇಳಿ ಬಂದಳು. ಏನೂ ಕೇಳಲಿಲ್ಲ. ಬೇವಿನ ಟೊಂಗೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿತ್ತು, ಅದರಲ್ಲಿ ಅವಳದೇ ಕೂಸು ಮಲಗಿತ್ತು. ಇನ್ನೊಂದು ಟೊಂಗೆಗೆ ತನ್ನ ತಲೆಯ ಮೇಲಿನ ಬಟ್ಟೆ ಬಿಚ್ಚಿ ಗಂಟು ಹಾಕಿ, ಜಗ್ಗಿ ನೋಡಿ, ನಮ್ಮ ಮಗಳನ್ನು ಅದರಲ್ಲಿ ಹಾಕಿದಳು. ಎರಡು ಕೈಯಲ್ಲಿ ಎರಡು ಜೋಳಿಗೆ ತೂಗುತ್ತಾ ನಿಂತಳು. ಐದು ನಿಮಿಷದಲ್ಲಿ ಅಳು ನಿಂತಿತು. "ಗಾಡಿಯಾಗ ಕುಂತು ಕುಂತು ಮೈ ನೊಂದಿರತೈತ್ರಿ. ಗಾಳಿ ಬೇಕಾಗಿತ್ತು ಅದಕ್ಕ" ಎಂದಳು. ನಾನು ದುಡ್ಡು ಕೊಡಲು ಹೋಗಲಿಲ್ಲ, ಹೋಗಿದ್ದರೆ ತಪ್ಪಾಗುತ್ತಿತ್ತು. ದೊಡ್ಡವ್ವ ಕೊಟ್ಟ ಎಳ್ಳ ಹೋಳಿಗೆಯ ಗಂಟು ಬಿಚ್ಚಿದೆ. ಇಬ್ಬರೂ ಕೂತು ತಿಂದೆವು. ಮಗಳು ಒಂದು ತಾಸು ಮಲಗಿದಳು, ಅವಳು ಹತ್ತಿಗೆ ಮರಳಿದಳು, ಹೊರಡುವ ಹೊತ್ತಿಗೆ ಸಾಲಿನ ಆ ತುದಿಯಿಂದ ಕೈ ಎತ್ತಿದಳು.

ಮುಂಡರಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಭೀಮರಾಯನ ಊರು. ನನಗೆ ಮಾತ್ರ ಅದು ಮೊದಲಿಂದಲೂ ಆಯಿಯ ಊರು, ಅವ್ವ ಹುಟ್ಟಿದ ಊರು. ಮಣ್ಣಿನ ಮಾಳಿಗೆ ಮನೆ. ಪಡಸಾಲೆಯಲ್ಲಿ ಆಯಿ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ನಮ್ಮ ಹೆಜ್ಜೆ ಸದ್ದಿಗೆ ಮುಖ ಎತ್ತಿದಳು.

ಅಪ್ಪ ಹೋಗಿ ಪಾದ ಮುಟ್ಟಿದರು. "ಅತ್ತಿ, ನಾನ್ರಿ."

"ಬರ್ರಿ ಮಾಸ್ತರ." ಅಷ್ಟು ಹೇಳಿ, ಹಳೆಯ ರೂಢಿಯ ಮೇಲೆ, ಆಯಿ ಬಾಗಿಲ ಕಡೆ ತಿರುಗಿ ಕೇಳಿದಳು: "ಒಬ್ರ ಬಂದ್ರೇನ?"

ಕೇಳಿದ ಮೇಲೆ ಅವಳಿಗೇ ಅರಿವಾಯಿತು. ಪಡಸಾಲೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಪ್ಪ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಆಯಿಯ ಉಡಿಯಲ್ಲಿ, ಕೌದಿಯ ಮೇಲೆ ಕೂರಿಸಿದರು. "ಒಬ್ನ ಬಂದಿಲ್ರಿ."

ಆಯಿ ಅವಸರ ಮಾಡಲಿಲ್ಲ. ಬಲಗೈಯನ್ನು ಮೊದಲು ನೆತ್ತಿಯ ಮೇಲಿಟ್ಟಳು. ಹಣೆ, ಹುಬ್ಬು, ಮೂಗು, ಕಿವಿ. ಬೆಟಗೇರಿ, ಲಕ್ಷ್ಮೇಶ್ವರಗಳು ಹಂಚಿಕೊಂಡದ್ದನ್ನೆಲ್ಲ ಅವಳ ಬೆರಳು ಏನೂ ಹೇಳದೆ ದಾಟಿ ಹೋಯಿತು. ಮಗು ಅಳಲಿಲ್ಲ. ಆಯಿಯ ಇನ್ನೊಂದು ಕೈಯ ಸಡಿಲ ಚರ್ಮವನ್ನು ಹಿಡಿದು ಜಗ್ಗುತ್ತಿತ್ತು. ಭುಜ, ಹೊಟ್ಟೆ, ಅಮ್ಮಿ ಕಟ್ಟಿದ ಕರಿದಾರ, ತೊಡೆ, ಮೊಣಕಾಲು. ಪಾದಕ್ಕೆ ಬಂದು ನಿಂತಿತು. ಹೆಬ್ಬೆರಳಿಗಿಂತ ಎರಡನೆಯ ಬೆರಳು ತುಸು ಉದ್ದ. ಎಂಟು ತಿಂಗಳು ದಿನಾ ಎಣ್ಣೆ ಹಚ್ಚಿಯೂ ನಾನು ಅದನ್ನು ಗಮನಿಸಿರಲಿಲ್ಲ. ಆಯಿ ಆ ಎರಡು ಬೆರಳನ್ನು ಮತ್ತೆ ಮತ್ತೆ ಸವರಿದಳು.

"ಕಾಲ ನಮ್ಮ ಹುಡುಗೀದು" ಎಂದಳು.

ಆ ರಾತ್ರಿ ಯಾರು ಕೇಳಿದರೂ ಆಯಿ ಮಗುವನ್ನು ಕೊಡಲಿಲ್ಲ. ಮಾವ ಊಟಕ್ಕೆ ಕರೆದರೆ, "ನೀವು ಉಣ್ರಿ" ಎಂದಳು. ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋದ ಮೇಲೆ ನಾನು ಬೆಟಗೇರಿಯ ನೂಲಿನ ಲಡಿ ಕೊಟ್ಟೆ. ಆಯಿ ಅದನ್ನು ಬೆರಳಲ್ಲಿ ಉಜ್ಜಿ, "ಗಟ್ಟಿ ಐತಿ" ಎಂದು ಮೆಚ್ಚಿದಳು. ಕೌದಿ ಮಗುವಿಗಾಗಿ ಹಾಕಿದ್ದು. ನಾನು ಬಸುರಿಯೆಂದು ಗೊತ್ತಾದ ದಿನ ಶುರು ಮಾಡಿದಳಂತೆ. ಅವ್ವನ ಎರಡು ಸೀರೆ, ಚಿಗವ್ವನದೊಂದು, ದೊಡ್ಡವ್ವನದೊಂದು, ಮಾವನ ಪಟಕದ ತುಂಡು. ಒಂದು ಅಂಚಿನಿಂದ ಒಳಗೆ ಬಂದ ಹಾಗೆ ಹೊಲಿಗೆ ಬದಲಾಗುತ್ತಿತ್ತು. ಮೊದಲು ಅಕ್ಕಿಕಾಳಿನಂಥ ಸಮನಾದ ದಾರ, ಆಮೇಲೆ ಸಣ್ಣದು ದೊಡ್ಡದು, ಆಮೇಲೆ ಸಾಲು ಬಿಟ್ಟು ಓರೆ. ಕಣ್ಣು ಎಲ್ಲಿ ಕೈಬಿಟ್ಟಿತೆಂದು ಬಟ್ಟೆಯ ಮೇಲೇ ಓದಬಹುದಿತ್ತು. ಬೆಳತನಕ ಕೂತು ಆಯಿ ಮೂರು ಮೂಲೆ ಮುಗಿಸಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಾ ಹೋದೆ. ನಾಲ್ಕನೆಯ ಮೂಲೆಯ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಅವಳ ಪದ್ಧತಿ, ಕೌದಿ ಹಸಿದಿರಬಾರದು ಎಂದು. ಅದನ್ನು ಹೊಲಿಯಲಿಲ್ಲ. "ಅದು ಇರಲಿ. ಮುಂದಿನ ಸಲ ಬಂದಾಗ" ಎಂದಳು.

ಬೆಳಗ್ಗೆ ಹೊರಡುವ ಮೊದಲು ತುಂಗಭದ್ರೆಯ ದಂಡೆಗೆ, ಶಿಂಗಟಾಲೂರಿನತ್ತ ಹೋಗಿ ಬಂದೆವು. ಬೆಟಗೇರಿಯ ಬಚ್ಚಲಿನಲ್ಲಿ ಮಗಳ ನೆತ್ತಿಗೆ ಬಿದ್ದದ್ದು ಇದೇ ಹೊಳೆಯ ನೀರು, ಕೊಳವೆಯಲ್ಲಿ ಗದಗಿಗೆ ಹೋಗುವುದು. ಅಪ್ಪ ಬೊಗಸೆಯಲ್ಲಿ ತಂದು ಅವಳ ಪಾದಕ್ಕೆ ಹಚ್ಚಿದರು.

ಮರಳಿ ಬಂದಾಗ ಆಯಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಮಗುವನ್ನು ಮಲಗಿಸಲು ಹೇಳಿದಳು. ಲಡಿಯಿಂದ ಒಂದು ಎಳೆ ಎಳೆದು, ತುದಿಯನ್ನು ಮಗುವಿನ ಹಿಮ್ಮಡಿಗೆ ಹಿಡಿದು, ಇನ್ನೊಂದು ಕೈಯಲ್ಲಿ ನೆತ್ತಿಯವರೆಗೆ ಎಳೆದುಕೊಂಡಳು. ಮಗಳು ಅದನ್ನು ಆಟವೆಂದು ತಿಳಿದು ಕಾಲು ಬಡಿದಳು. "ಹಿಡಕೋರಿ ಒಂದೀಟು" ಎಂದಳು ಆಯಿ, ನಾನು ಮೊಣಕಾಲು ಒತ್ತಿ ಹಿಡಿದೆ. ಅಳತೆ ಸಿಕ್ಕ ಜಾಗದಲ್ಲಿ ಗಂಟು ಹಾಕಿದಳು. ಪಾದಕ್ಕೆ ಬೇರೆಯಾಗಿ ಅಳತೆ ಹಿಡಿದು ಅದೇ ಎಳೆಯಲ್ಲಿ ಇನ್ನೊಂದು ಗಂಟು. ಹಲ್ಲಿನಿಂದ ದಾರ ಕಡಿದು, ಸುರುಳಿ ಸುತ್ತಿ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಕಾರು ಹೊರಟಾಗ ನಾನು ಹಿಂದಿನ ಗಾಜಿನಿಂದ ನೋಡಿದೆ. ಮಗಳ ಮುಖವೂ ಆ ಕಡೆಗೇ ಇತ್ತು, ಅವಳ ಕುರ್ಚಿ ಹಿಂಬದಿಗೆ ನೋಡುವುದು. ಆಯಿ ಕೈ ಬೀಸುತ್ತಿರಲಿಲ್ಲ. ಸೆರಗಿನ ಗಂಟನ್ನು ಬೆರಳಲ್ಲಿ ಹಿಡಿದು, ಒಳಗಿನ ಎಳೆಯ ಗಂಟುಗಳು ಇವೆಯೇ ಎಂದು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು.